ಮಂಜಿನ ಊರಿಗೊಂದು ಕಾವಲು ಕಣ್ಣು

ಜುಲೈ ತಿಂಗಳೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡುಬೇಸಿಗೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಎಂದು ಬೆಂಗಳೂರು, ಮೈಸೂರುಗಳಿಂದ ಬಂದ ಹಿರಿಯರು ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಗಳ ಬಿಸಿಲಿಗೆ ತಕ್ಕಂತೆ ತೆಳುವಾದ ಹತ್ತಿಬಟ್ಟೆ ತೊಟ್ಟು, ಭಾನುವಾರ ಸ್ಯಾನ್‌ಫ್ರಾನ್ಸಿಸ್ಕೊ ನೋಡಲು ಹೊರಡುತ್ತಾರೆ. ಕಾರಿನಲ್ಲಿ ಒಂದು ಗಂಟೆಯ ದಾರಿ. ಗೋಲ್ಡನ್ ಗೇಟ್ ಸೇತುವೆಯ ಬಳಿ ಇಳಿದರೆ ಹಲ್ಲು ಕಟಕಟ ಎನ್ನುವ ಚಳಿ! ಪೋಸ್ಟ್‌ಕಾರ್ಡುಗಳಲ್ಲಿ ಕಂಡ ಕೆಂಪು ಸೇತುವೆಯ ಸುಳಿವೇ ಇಲ್ಲ. ಎದುರಿಗೆ ಬರೀ ಬಿಳಿ ಗೋಡೆ. ಆ ಗೋಡೆಯ ಆಚೆಯಿಂದ ಎಲ್ಲೋ ಹಡಗಿನ ಕೊಂಬು ಗಂಭೀರವಾಗಿ ಮೊಳಗುತ್ತದೆ. ಪಕ್ಕದ ಅಂಗಡಿಯಲ್ಲಿ ಉಣ್ಣೆಯ ಅಂಗಿಗಳ ವ್ಯಾಪಾರ ಜೋರಾಗಿ ನಡೆದಿರುತ್ತದೆ.

ಇದು ಈ ಊರಿನ ಬೇಸಿಗೆ. ಸ್ಥಳೀಯರು ಜೂನ್ ತಿಂಗಳ ಮಬ್ಬನ್ನು 'ಜೂನ್ ಗ್ಲೂಮ್' ಎನ್ನುತ್ತಾರೆ. ಆಗಸ್ಟ್ ತಿಂಗಳನ್ನು ತಮಾಷೆಗೆ 'ಫಾಗಸ್ಟ್' ಎಂದು ಕರೆಯುತ್ತಾರೆ. 2010ರಿಂದೀಚೆಗೆ ಮಂಜಿಗೆ 'ಕಾರ್ಲ್' ಎಂಬ ಹೆಸರನ್ನೂ ಇಟ್ಟಿದ್ದಾರೆ. 'ಇವತ್ತು ಕಾರ್ಲ್ ಇನ್ನೂ ಎದ್ದು ಹೋಗಿಲ್ಲ' ಎಂದು ಮನೆಯ ಅತಿಥಿಯ ಬಗ್ಗೆ ಹೇಳುವಂತೆ ಹೇಳುವುದುಂಟು.

ಈ ಅತಿಥಿ ಬರುವುದನ್ನೂ ಹೋಗುವುದನ್ನೂ ನೋಡುವುದೇ ಒಂದು ಸೊಗಸು. ಆದರೆ ಬರಿಗಣ್ಣಿಗೆ ಅದರ ಪೂರ್ಣ ರೂಪ ದಕ್ಕುವುದಿಲ್ಲ. ಗಡಿಯಾರದ ಗಂಟೆಮುಳ್ಳು ಚಲಿಸುವುದನ್ನು ನೋಡಿದವರು ಯಾರಿದ್ದಾರೆ? ಮಂಜಿನ ನಡೆಯೂ ಹೆಚ್ಚುಕಡಿಮೆ ಹಾಗೆಯೇ. ಅದನ್ನು ಕಾಣಲು ಒಂದೇ ಕಡೆ ಕದಲದೆ ಕುಳಿತು, ಬೇಸರಿಸದೆ, ನಿದ್ರಿಸದೆ ನೋಡುವ ಕಣ್ಣು ಬೇಕು. ಅಂಥ ಕಣ್ಣನ್ನು ಇಂದು ಸಾಧಾರಣ ಮನೆಯೊಂದರ ಸೂರಿನಡಿ ಕೂರಿಸಬಹುದು. ಅದುವೇ ಹೊರಾಂಗಣದ ವೆಬ್‌ಕ್ಯಾಮ್.

ಮಂಜು ಹುಟ್ಟುವ ಬಗೆ

ಮೊದಲು ಮಂಜಿನ ಕಥೆ ತಿಳಿಯೋಣ. ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಸಾಗರದ ಮೇಲೆ ಅಧಿಕ ಒತ್ತಡದ ವಾಯುರಾಶಿ ಬೀಡುಬಿಟ್ಟಿರುತ್ತದೆ. ಅದರ ಅಂಚಿನಿಂದ ಹೊರಟ ಗಾಳಿ ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ ವಾಯವ್ಯದಿಂದ ಬೀಸುತ್ತದೆ. ಗಾಳಿಯ ತಳ್ಳಾಟ ಮತ್ತು ಭೂಮಿಯ ಆವರ್ತನೆ ಇವೆರಡೂ ಸೇರಿ ಸಮುದ್ರದ ಮೇಲ್ಪದರದ ನೀರನ್ನು ದಡದಿಂದ ದೂರಕ್ಕೆ ಸರಿಸುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇರಿ ಬರುತ್ತದೆ. ಆದ್ದರಿಂದಲೇ ನಡುಬೇಸಿಗೆಯಲ್ಲೂ ಅಲ್ಲಿನ ಕಡಲ ನೀರಿನ ಉಷ್ಣತೆ 12-14 ಡಿಗ್ರಿ ಸೆಲ್ಸಿಯಸ್‌ನಷ್ಟೇ. ಮಂಗಳೂರಿನ ಕಡಲಲ್ಲಿ ಈಜಿ ಬೆಳೆದವರು ಈ ನೀರಿಗೆ ಕಾಲಿಟ್ಟರೆ ತಕ್ಷಣ ಹಿಂದೆ ಸರಿಯುತ್ತಾರೆ.

ವಿಶಾಲ ಸಾಗರದಿಂದ ತೇವ ಹೊತ್ತು ಬರುವ ಗಾಳಿ ಈ ತಣ್ಣೀರಿನ ಪಟ್ಟಿಯ ಮೇಲೆ ಹಾಯುವಾಗ ತಣಿಯುತ್ತದೆ. ಇಬ್ಬನಿ ಬಿಂದುವನ್ನು ಮುಟ್ಟುತ್ತದೆ. ಆಗ ಗಾಳಿಯಲ್ಲಿದ್ದ ನೀರಿನ ಆವಿ, ಉಪ್ಪಿನ ಕಣ ಮೊದಲಾದವುಗಳ ಸುತ್ತ ಹನಿಗಟ್ಟುತ್ತದೆ. ಒಂದೊಂದು ಹನಿಯೂ ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು ಸಣ್ಣದು. ಇಂಥ ಲೆಕ್ಕವಿಲ್ಲದಷ್ಟು ಹನಿಗಳ ಮೊತ್ತವೇ ಮಂಜು. ಒಂದು ಕಿಲೋಮೀಟರಿಗಿಂತ ಆಚೆಗಿನದು ಕಾಣದಿದ್ದರೆ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜು ಎಂದು ದಾಖಲಿಸುತ್ತಾರೆ.

ಇನ್ನು ಅದು ಊರೊಳಗೆ ಬರುವುದು ಹೇಗೆ? ಕರಾವಳಿಯ ಬೆಟ್ಟಸಾಲಿನ ಆಚೆ, ಒಳನಾಡಿನಲ್ಲಿ, ಸೆಂಟ್ರಲ್ ವ್ಯಾಲಿ ಎಂಬ ಮಹಾಬಯಲಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಉಷ್ಣತೆ 38-40 ಡಿಗ್ರಿ ಮುಟ್ಟುವುದು ಸಾಮಾನ್ಯ. ಕಾದ ಗಾಳಿ ಮೇಲೇರುತ್ತದೆ, ಒತ್ತಡ ಕುಸಿಯುತ್ತದೆ. ಆ ಕೊರತೆಯನ್ನು ತುಂಬಲು ಕಡಲ ಕಡೆಯಿಂದ ತಂಗಾಳಿ ನುಗ್ಗಬೇಕು. ಅಡ್ಡಲಾಗಿ ಬೆಟ್ಟಸಾಲು ನಿಂತಿದೆ. ಆ ಸಾಲಿನಲ್ಲಿ ಸಮುದ್ರಮಟ್ಟದವರೆಗೆ ಸೀಳಿಕೊಂಡಿರುವ ದೊಡ್ಡ ಬಾಗಿಲೆಂದರೆ ಗೋಲ್ಡನ್ ಗೇಟ್ ಜಲಸಂಧಿ. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಈ ಬಾಗಿಲಿನ ಮೂಲಕ ಮಂಜು ಪ್ರತಿ ಸಂಜೆ ಕೊಲ್ಲಿಯೊಳಗೆ ನಾಲಿಗೆ ಚಾಚುತ್ತದೆ. ಮರುದಿನ ಬಿಸಿಲೇರಿದಂತೆ ಹಿಂದೆ ಸರಿಯುತ್ತದೆ.

ಮಂಜಿನ ಮೇಲ್ಭಾಗ ಬಹುಪಾಲು ಸಮತಟ್ಟಾಗಿರುವುದಕ್ಕೂ ಕಾರಣವಿದೆ. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಂಪಾಗುತ್ತದೆ. ಇಲ್ಲಿ ಅದು ತಿರುವುಮುರುವು. ತಣ್ಣನೆಯ ಕಡಲಗಾಳಿಯ ಮೇಲೆ ಬೆಚ್ಚನೆಯ ಒಣಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳವನ್ನು ಭೇದಿಸಿ ಮಂಜು ಮೇಲೇರಲಾರದು. ಹಾಗಾಗಿ ಊರಿನ ಪಶ್ಚಿಮದ ಸನ್‌ಸೆಟ್ ಬಡಾವಣೆ ಮಂಜಿನಲ್ಲಿ ಮುಳುಗಿರುವಾಗ, ಟ್ವಿನ್ ಪೀಕ್ಸ್ ಗುಡ್ಡದ ಮರೆಯಲ್ಲಿರುವ ಮಿಷನ್ ಬಡಾವಣೆಯ ಜನ ಬಿಸಿಲು ಕಾಯಿಸುತ್ತಿರುತ್ತಾರೆ. ಕಡಲಂಚಿನಲ್ಲಿ 15 ಡಿಗ್ರಿ ಇದ್ದ ಹೊತ್ತಿನಲ್ಲೇ ಅರವತ್ತು-ಎಪ್ಪತ್ತು ಕಿ.ಮೀ. ಒಳಗಿನ ಲಿವರ್‌ಮೋರ್‌ನಲ್ಲಿ 35 ಡಿಗ್ರಿ ಇರುವುದುಂಟು.

ಕಾಣದ ಬಾಗಿಲು

ಈ ಮಂಜು ಬರೀ ನೋಟದ ಸೊಗಸಲ್ಲ, ಪ್ರಾಣವನ್ನೂ ತೆಗೆದಿದೆ. 1579ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಈ ಕರಾವಳಿಗೆ ಬಂದನು. ಆದರೂ ಜಗತ್ತಿನ ಶ್ರೇಷ್ಠ ನೈಸರ್ಗಿಕ ಬಂದರುಗಳಲ್ಲಿ ಒಂದಾದ ಈ ಕೊಲ್ಲಿ ಯುರೋಪಿಯನ್ನರ ಕಣ್ಣಿಗೆ ಬಿದ್ದದ್ದು 1769ರಲ್ಲಿ, ಅದೂ ಕಾಲುನಡಿಗೆಯಲ್ಲಿ ಬಂದ ಸ್ಪೇನ್‌ನ ತಂಡಕ್ಕೆ. ಹಡಗೊಂದು ಜಲಸಂಧಿಯನ್ನು ದಾಟಿ ಒಳಬಂದದ್ದು 1775ರಲ್ಲಿ. ಎರಡು ಶತಮಾನ ಬಾಗಿಲು ಕಾಣದೆ ಹೋಗಲು ಮಂಜೂ ಒಂದು ಕಾರಣವೆಂದು ಹೇಳುವುದುಂಟು.

1901ರ ಫೆಬ್ರುವರಿ 22ರಂದು 'ಸಿಟಿ ಆಫ್ ರಿಯೊ ಡಿ ಜನೈರೊ' ಎಂಬ ಪ್ರಯಾಣಿಕರ ಹಡಗು ಮುಂಜಾನೆಯ ಮಂಜಿನಲ್ಲಿ ಇದೇ ಬಾಗಿಲಿನ ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು. 2007ರ ನವೆಂಬರ್ 7ರಂದು 'ಕಾಸ್ಕೊ ಬೂಸಾನ್' ಎಂಬ ಸರಕು ಹಡಗು ಮಂಜು ಕವಿದ ಬೆಳಿಗ್ಗೆ ಬೇ ಬ್ರಿಜ್ ಸೇತುವೆಯ ಕಂಬಕ್ಕೆ ತಾಗಿ, ಸುಮಾರು ಎರಡು ಲಕ್ಷ ಲೀಟರ್ ತೈಲವನ್ನು ಕೊಲ್ಲಿಗೆ ಚೆಲ್ಲಿತು. ರಾಡಾರ್ ಇರುವ ಕಾಲದಲ್ಲೂ ಹೀಗೆ! 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆಯಲ್ಲಿ ಮಂಜುಕೊಂಬುಗಳನ್ನು ಅಳವಡಿಸಿರುವುದು ಇದಕ್ಕೇ. ಸೇತುವೆಯ ನಡುವಿನ ಕೊಂಬಿನ ದನಿ ಬೇರೆ, ದಕ್ಷಿಣ ಗೋಪುರದ ಕೊಂಬಿನ ದನಿ ಬೇರೆ. ಕಣ್ಣು ಸೋತಲ್ಲಿ ನಾವಿಕನಿಗೆ ಕಿವಿಯೇ ದಾರಿ.

ಕಾಫಿ ಪಾತ್ರೆಯಿಂದ ಫಾಗ್‌ಕ್ಯಾಮ್‌ಗೆ

ಚಲನೆಯನ್ನು ಚಿತ್ರದಲ್ಲಿ ಹಿಡಿಯುವ ವಿದ್ಯೆಗೂ ಈ ಸೀಮೆಗೂ ಹಳೆಯ ನಂಟು. ಸ್ಯಾನ್‌ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕಿರುವ ಪಾಲೊ ಆಲ್ಟೊದಲ್ಲಿ 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಚಿತ್ರಗಾರ ಸಾಲಾಗಿ ಹನ್ನೆರಡು ಕ್ಯಾಮೆರಾಗಳನ್ನು ನಿಲ್ಲಿಸಿ ಓಡುವ ಕುದುರೆಯ ಚಿತ್ರ ತೆಗೆದನು. ಓಟದ ಒಂದು ಗಳಿಗೆಯಲ್ಲಿ ಕುದುರೆಯ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ ಎಂಬುದು ಆಗ ಸಿದ್ಧವಾಯಿತು. ಕಣ್ಣಿಗೆ ಸಿಗದಷ್ಟು ವೇಗವಾದದ್ದನ್ನು ಮೈಬ್ರಿಜ್ ಬಿಡಿಸಿ ತೋರಿಸಿದನು. ಮಂಜಿನದು ಇದಕ್ಕೆ ವಿರುದ್ಧವಾದ ಸಮಸ್ಯೆ. ಅದು ಕಣ್ಣಿಗೆ ಸಿಗದಷ್ಟು ನಿಧಾನ. ಆದ್ದರಿಂದ ಕಾಲವನ್ನು ಬಿಡಿಸುವ ಬದಲು ಕುಗ್ಗಿಸಬೇಕು. ಕುಗ್ಗಿಸಿದ ಈ ಚಿತ್ರಕ್ಕೆ ಟೈಮ್‌ಲ್ಯಾಪ್ಸ್ ಎಂದು ಹೆಸರು.

ವೆಬ್‌ಕ್ಯಾಮ್ ಹುಟ್ಟಿದ್ದು ಮಾತ್ರ ಇಂಗ್ಲೆಂಡಿನಲ್ಲಿ, ಅದೂ ಕಾಫಿಯ ಚಪಲದಿಂದ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಪಾತ್ರೆ ಇದ್ದದ್ದು ಒಂದು ಕೋಣೆಯಲ್ಲಿ. ಕುಡಿಯುವವರು ಹಲವು ಕೋಣೆಗಳಲ್ಲಿ. ನಡೆದು ಬಂದರೆ ಪಾತ್ರೆ ಖಾಲಿ! ಈ ಪೀಡೆ ತಪ್ಪಿಸಲು ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್‌ಕಿ ಎಂಬ ಸಂಶೋಧಕರು ಪಾತ್ರೆಯ ಎದುರು ಕ್ಯಾಮೆರಾ ನಿಲ್ಲಿಸಿ, ಅದರ ಸಣ್ಣ ಕಪ್ಪುಬಿಳುಪು ಚಿತ್ರ ಎಲ್ಲರ ಕಂಪ್ಯೂಟರಿನಲ್ಲೂ ಮೂಡುವಂತೆ ಮಾಡಿದರು. 1993ರಲ್ಲಿ ಆ ಚಿತ್ರ ಅಂತರಜಾಲಕ್ಕೆ ಬಂದು ಲೋಕಪ್ರಸಿದ್ಧವಾಯಿತು. 2001ರಲ್ಲಿ ಆ ಕ್ಯಾಮೆರಾ ಕಣ್ಣು ಮುಚ್ಚಿತು.

ಆ ಕಾಫಿ ಪಾತ್ರೆಯಿಂದ ಪ್ರೇರಣೆ ಪಡೆದ ಇಬ್ಬರು, ಜೆಫ್ ಶ್ವಾರ್ಟ್ಜ್ ಮತ್ತು ಡಾನ್ ವಾಂಗ್, 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 'ಫಾಗ್‌ಕ್ಯಾಮ್' ಆರಂಭಿಸಿದರು. ಇಪ್ಪತ್ತು ಸೆಕೆಂಡಿಗೊಮ್ಮೆ ಒಂದು ಸ್ಥಿರಚಿತ್ರ, ಅಷ್ಟೇ. ಎಷ್ಟೋ ದಿನ ಅದರಲ್ಲಿ ಮಂಜಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಕಾಲು ಶತಮಾನ ನಡೆದು, ಜಗತ್ತಿನಲ್ಲಿ ನಿಲ್ಲದೆ ನಡೆದುಬಂದ ಅತಿ ಹಳೆಯ ವೆಬ್‌ಕ್ಯಾಮ್ ಎಂಬ ಹೆಸರು ಗಳಿಸಿತು. 2019ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಅವರು ಪ್ರಕಟಿಸಿದಾಗ ಬಹಳ ಜನ ಮರುಗಿದರು. ಕೊನೆಗೆ ವಿಶ್ವವಿದ್ಯಾಲಯವೇ ಅದರ ಹೊಣೆ ಹೊತ್ತಿತು. ಒಂದು ಸಾಧಾರಣ ಚಿತ್ರಕ್ಕೆ ಇಷ್ಟು ಬೆಲೆ ಬಂದದ್ದು ಅದರ ಅಂದದಿಂದಲ್ಲ, ಅದು ತಪ್ಪದೆ ಬರುತ್ತಿತ್ತು ಎಂಬುದರಿಂದ.

ಸೂರಿನಡಿಯ ಪೆಟ್ಟಿಗೆ

ಮಂಜಿನ ಬಾಗಿಲನ್ನು ನೇರವಾಗಿ ನೋಡಬೇಕೆಂದರೆ ಕೊಲ್ಲಿಯ ಪೂರ್ವದಂಡೆಯ ಬರ್ಕ್ಲಿ ಬೆಟ್ಟಗಳೇ ಸರಿ. ಅಲ್ಲಿಯ ಇಳಿಜಾರಿನ ಮನೆಗಳ ಪಶ್ಚಿಮದ ಕಿಟಕಿಯಿಂದ ಗೋಲ್ಡನ್ ಗೇಟ್ ಎದುರಿಗೇ ಕಾಣುತ್ತದೆ. ನಡುವೆ ಆಲ್ಕಟ್ರಾಜ್ ದ್ವೀಪ, ಬಲಕ್ಕೆ ಟಮಲ್ಪಾಯಿಸ್ ಪರ್ವತ, ಎಡಕ್ಕೆ ನಗರದ ಎತ್ತರದ ಕಟ್ಟಡಗಳು. ಇಂಥ ಮನೆಯ ಸೂರಿನಡಿ ಕ್ಯಾಮೆರಾ ಇಡುವುದಾದರೆ ಗಮನಿಸಬೇಕಾದ ಸಂಗತಿಗಳು ಹಲವು.

ಮೊದಲನೆಯದು, ಕ್ಯಾಮೆರಾ ಕದಲಬಾರದು. ಬಾಲ್ಕನಿಯ ಕಟಕಟೆಗೆ ಕಟ್ಟಿದರೆ ಗಾಳಿಗೆ ನಡುಗುತ್ತದೆ. ಚಿತ್ರಗಳನ್ನು ಪೋಣಿಸಿದಾಗ ಇಡೀ ಊರೇ ಕುಣಿದಂತೆ ಕಾಣುತ್ತದೆ. ಗಟ್ಟಿ ಗೋಡೆಗೆ, ಸೂರಿನ ಮರೆಯಲ್ಲಿ, ಲೋಹದ ಹಿಡಿಕೆಯಿಂದ ಬಿಗಿಯುವುದು ಲೇಸು. ಎರಡನೆಯದು, ನೀರು. ಹೊರಾಂಗಣಕ್ಕೆಂದೇ ತಯಾರಿಸಿದ ಕ್ಯಾಮೆರಾಗಳಿಗೆ 'ಐಪಿ 65', 'ಐಪಿ 66' ಎಂಬ ಅಂಕಿಗಳಿರುತ್ತವೆ. ಮೊದಲ ಅಂಕಿ ದೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಪುಟ್ಟ ಕ್ಯಾಮೆರಾ ಜೋಡಿಸಿ ಮನೆಯಲ್ಲೇ ಪೆಟ್ಟಿಗೆ ಮಾಡಿಕೊಳ್ಳುವವರೂ ಇದ್ದಾರೆ. ಅಂಥವರು ತಂತಿಯ ರಂಧ್ರವನ್ನು ಪೆಟ್ಟಿಗೆಯ ತಳಭಾಗದಲ್ಲಿ ಕೊರೆಯಬೇಕು. ತಂತಿ ಒಳಹೋಗುವ ಮುನ್ನ ಅದನ್ನು ಸ್ವಲ್ಪ ಕೆಳಕ್ಕೆ ಜೋತುಬಿಡಬೇಕು. ತಂತಿಯ ಗುಂಟ ಹರಿದುಬಂದ ನೀರು ಆ ಜೋತಿನ ತುದಿಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಳಗಿನ ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಇಟ್ಟರೆ ಗಾಜಿಗೆ ಒಳಗಿನಿಂದ ಹಬೆ ಕಟ್ಟದು.

ಮೂರನೆಯದು, ದೃಷ್ಟಿ. ಕ್ಯಾಮೆರಾ ತಾನಾಗಿಯೇ ನೋಟವನ್ನು ಹೊಂದಿಸಿಕೊಳ್ಳುವುದು ವಸ್ತುಗಳ ಅಂಚುಗಳನ್ನು ನೋಡಿ. ಮಂಜಿನಲ್ಲಿ ಅಂಚೇ ಇಲ್ಲ! ಅದು ಹಿಂದೆಮುಂದೆ ತಡಕಾಡಿ ಚಿತ್ರವನ್ನು ಮಸುಕುಗೊಳಿಸುತ್ತದೆ. ಆದ್ದರಿಂದ ಶುಭ್ರವಾದ ದಿನ ದೂರದ ಗೋಪುರಕ್ಕೆ ನೋಟವನ್ನು ಹೊಂದಿಸಿ ಅಲ್ಲಿಯೇ ನಿಲ್ಲಿಸಬೇಕು. ಬಣ್ಣದ ಹೊಂದಾಣಿಕೆಯನ್ನೂ ಹಾಗೆಯೇ ಸ್ಥಿರಗೊಳಿಸಬೇಕು. ಇಲ್ಲವಾದರೆ ಒಂದು ಚಿತ್ರ ನೀಲಿ, ಮುಂದಿನದು ಹಳದಿಯಾಗಿ ಕಣ್ಣು ಕುಕ್ಕುತ್ತದೆ.

ರಾತ್ರಿ ನೋಡಲೆಂದು ಈ ಕ್ಯಾಮೆರಾಗಳಲ್ಲಿ ಅವಕೆಂಪು ದೀಪಗಳಿರುತ್ತವೆ. ಮಂಜು ನೋಡುವವರು ಅವನ್ನು ಆರಿಸಬೇಕು. ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಚಾಲಕರು ದೀಪವನ್ನು ತಗ್ಗಿಸುವುದೇಕೆ? ದೀಪವನ್ನು ಎತ್ತರಿಸಿದಷ್ಟೂ ಹನಿಗಳು ಆ ಬೆಳಕನ್ನು ಚಾಲಕನ ಕಣ್ಣಿಗೇ ಮರಳಿಸುತ್ತವೆ. ಕ್ಯಾಮೆರಾಕ್ಕೂ ಅದೇ ಗತಿ. ಸಾಲದ್ದಕ್ಕೆ ಆ ದೀಪದ ಸುತ್ತ ಹುಳುಗಳು ಮುತ್ತುತ್ತವೆ, ಹುಳುಗಳಿಗಾಗಿ ಜೇಡ ಬಲೆ ನೇಯುತ್ತದೆ. ಎಲ್ಲ ಸಿದ್ಧವಾದ ಮೇಲೂ ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸುವ ಕೆಲಸ ತಪ್ಪದು. ಕಡಲ ಮಂಜು ಒಣಗಿದರೆ ಉಪ್ಪಿನ ಪೊರೆ ಬಿಟ್ಟುಹೋಗುತ್ತದೆ.

ಉತ್ತರಾರ್ಧಗೋಳದಲ್ಲಿ ಕ್ಯಾಮೆರಾವನ್ನು ಉತ್ತರಕ್ಕೆ ತಿರುಗಿಸಿದರೆ ಸೂರ್ಯನ ಕಾಟ ಕಡಿಮೆ ಎನ್ನುವುದು ಸಾಮಾನ್ಯ ನಿಯಮ. ಬರ್ಕ್ಲಿಯಲ್ಲಿ ಈ ನಿಯಮ ನಡೆಯದು. ಮಂಜು ಬರುವುದೇ ಪಶ್ಚಿಮದಿಂದ. ಸಂಜೆಯ ಸೂರ್ಯ ನೇರವಾಗಿ ಮುಖಕ್ಕೆ ಹೊಡೆಯುವ ಅರ್ಧ ಗಂಟೆಯನ್ನು ಬಿಟ್ಟುಕೊಟ್ಟು, ಮಸೂರದ ಮೇಲೊಂದು ಟೋಪಿಯಂಥ ನೆರಳು ಮಾಡಿದರೆ ಸಾಕು.

ಕಾಲದ ಲೆಕ್ಕ

ಇನ್ನು ಎಷ್ಟು ಹೊತ್ತಿಗೊಂದು ಚಿತ್ರ? ಇಲ್ಲಿ ವಿದ್ಯಾರ್ಥಿಗಳಿಗೆ ಸರಳವಾದ ಗಣಿತವಿದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಹತ್ತು ಸೆಕೆಂಡಿಗೊಂದು ಚಿತ್ರ ತೆಗೆದರೆ ಗಂಟೆಗೆ 360. ಸಂಜೆ ನಾಲ್ಕರಿಂದ ಎಂಟರವರೆಗೆ 1,440. ಅದನ್ನು 24ರಿಂದ ಭಾಗಿಸಿದರೆ ಸರಿಯಾಗಿ 60 ಸೆಕೆಂಡು. ನಾಲ್ಕು ಗಂಟೆಯ ಸಂಜೆ ಒಂದು ನಿಮಿಷಕ್ಕೆ ಇಳಿಯಿತು. ಕಾಲ 240 ಪಟ್ಟು ವೇಗವಾಯಿತು. ಚಿತ್ರಗಳ ನಡುವಣ ಸೆಕೆಂಡುಗಳನ್ನು 24ರಿಂದ ಗುಣಿಸಿದರೆ ಈ ವೇಗವರ್ಧನೆ ದೊರೆಯುತ್ತದೆ. 30 ಸೆಕೆಂಡಿಗೊಂದರಂತೆ ಹನ್ನೆರಡು ಗಂಟೆ ತೆಗೆದರೂ ಚಿತ್ರಗಳ ಸಂಖ್ಯೆ ಅದೇ 1,440. ಆದರೆ ವೇಗ 720 ಪಟ್ಟು. ಪ್ರತಿದಿನ ಮಧ್ಯಾಹ್ನ ಒಂದೇ ಚಿತ್ರ ತೆಗೆದರೆ ಇಡೀ ವರ್ಷ ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಯಾವುದು ಸರಿ? ನೋಡಬೇಕಾದ ಸಂಗತಿಯೇ ಅದನ್ನು ನಿರ್ಧರಿಸಬೇಕು. ಗೋಲ್ಡನ್ ಗೇಟ್‌ನಿಂದ ಬರ್ಕ್ಲಿ ಬೆಟ್ಟಕ್ಕೆ ಸುಮಾರು 20 ಕಿ.ಮೀ. ಗಂಟೆಗೆ 30 ಕಿ.ಮೀ. ವೇಗದ ಗಾಳಿಯಲ್ಲಿ ಮಂಜು ಅಷ್ಟು ದೂರ ಸಾಗಲು 40 ನಿಮಿಷ ಬೇಕು. 240 ಪಟ್ಟು ವೇಗದಲ್ಲಿ ಅದು ತೆರೆಯ ಮೇಲೆ ಹತ್ತೇ ಸೆಕೆಂಡು. ಆಗ ಕಾಣುವ ದೃಶ್ಯವನ್ನು ಬರಿಗಣ್ಣಿನಿಂದ ನೋಡಿದವರು ಊಹಿಸಲಾರರು. ಮಂಜು ಎಂಬುದು ಮೋಡವಲ್ಲ, ಹೊಳೆ! ಸೇತುವೆಯ ಗೋಪುರಗಳನ್ನು ಬಳಸಿ ಹರಿಯುತ್ತದೆ. ಸಾಸಲಿಟೊದ ಗುಡ್ಡದ ನೆತ್ತಿಯಿಂದ ಜಲಪಾತದಂತೆ ಧುಮುಕಿ, ಕೆಳಗಿಳಿಯುತ್ತ ಕಾಯ್ದು ಕರಗಿಹೋಗುತ್ತದೆ. ದ್ವೀಪಕ್ಕೆ ತಾಗಿ ಹಿಂದೆ ಸುಳಿ ಕಟ್ಟುತ್ತದೆ. ಅದರ ಮೇಲ್ಮೈಯಲ್ಲಿ ಕಡಲಿನಂತೆಯೇ ಅಲೆಗಳೇಳುತ್ತವೆ. ಗಾಳಿಯೂ ನೀರಿನಂತೆ ಒಂದು ಪ್ರವಾಹಿ ಎಂದು ಪುಸ್ತಕದಲ್ಲಿ ಓದಿದ ಹುಡುಗನಿಗೆ ಅದು ಕಣ್ಣೆದುರು ಹರಿದಂತಾಗುತ್ತದೆ.

ಅಳತೆಯೂ ಸಾಧ್ಯ. ಗೋಲ್ಡನ್ ಗೇಟ್ ಸೇತುವೆಯ ಗೋಪುರಗಳು ನೀರಿನ ಮಟ್ಟದಿಂದ 227 ಮೀಟರ್ ಎತ್ತರ. ನಗರದ ಗುಡ್ಡದ ಮೇಲಿರುವ ಸುಟ್ರೊ ಪ್ರಸಾರ ಗೋಪುರದ ತುದಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್. ಟಮಲ್ಪಾಯಿಸ್ ಪರ್ವತದ ಶಿಖರ 784 ಮೀಟರ್. ಸೇತುವೆ ಮುಳುಗಿ ಸುಟ್ರೊ ಗೋಪುರದ ತುದಿ ತೇಲುತ್ತಿದ್ದರೆ ಮಂಜಿನ ದಪ್ಪ ಯಾವ ಎರಡು ಅಂಕಿಗಳ ನಡುವೆ ಇದೆ ಎಂಬುದನ್ನು ಪ್ರೌಢಶಾಲೆಯ ಹುಡುಗಿಯೂ ಹೇಳಬಲ್ಲಳು. ಊರಿನ ಗೋಪುರಗಳೇ ಇಲ್ಲಿ ಅಳತೆಗೋಲು.

ಇದಕ್ಕೆ ಬೇಕಾದುದು ಶಿಸ್ತು. ಪ್ರತಿ ಚಿತ್ರದ ಹೆಸರಿನಲ್ಲೂ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಇದೇ ಕ್ರಮದಲ್ಲಿರಬೇಕು. ಆಗ ಕಂಪ್ಯೂಟರು ಅವನ್ನು ತಾನಾಗಿಯೇ ಸಾಲಾಗಿ ಜೋಡಿಸುತ್ತದೆ. ಅಮೆರಿಕದಲ್ಲಿ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನಲ್ಲಿ ಹಿಂದಕ್ಕೂ ತಿರುಗಿಸುವ ಪದ್ಧತಿ ಇದೆ. ಕ್ಯಾಮೆರಾದ ಗಡಿಯಾರವನ್ನು ಹಾಗೆ ತಿರುಗಿಸದೆ ವರ್ಷವಿಡೀ ಒಂದೇ ಕಾಲಮಾನದಲ್ಲಿಡಬೇಕು. ಇಲ್ಲದಿದ್ದರೆ ನವೆಂಬರಿನ ಒಂದು ರಾತ್ರಿ ಒಂದೇ ಗಂಟೆ ಎರಡು ಸಲ ಬಂದು ದಾಖಲೆ ಗೋಜಲಾಗುತ್ತದೆ.

ನೆರೆಮನೆಯ ಕಿಟಕಿ

ಹೊರಗೆ ನೋಡುವ ಕ್ಯಾಮೆರಾ ಪಕ್ಕದ ಮನೆಯೊಳಗೂ ನೋಡಬಲ್ಲದು. ಹೆತ್ತವರು ಈ ವಿಷಯದಲ್ಲಿ ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ಚೌಕಟ್ಟಿನಲ್ಲಿ ಆಕಾಶ, ಬೆಟ್ಟ, ಕೊಲ್ಲಿಗಳಿರಲಿ. ನೆರೆಯವರ ಕಿಟಕಿ, ಅಂಗಳ, ಆಡುವ ಮಕ್ಕಳು ಬೇಡ. ತಪ್ಪಿಸಲಾಗದಿದ್ದರೆ ಆ ಭಾಗವನ್ನು ಕಪ್ಪಾಗಿಸುವ ಸೌಲಭ್ಯ ಬಹುತೇಕ ಕ್ಯಾಮೆರಾಗಳಲ್ಲಿದೆ. ಧ್ವನಿಗ್ರಹಣವನ್ನು ಆರಿಸಿಬಿಡಬೇಕು. ನೆರೆಯವರಿಗೆ ಒಮ್ಮೆ ಚಿತ್ರ ತೋರಿಸಿ ಒಪ್ಪಿಗೆ ಪಡೆದರೆ ಮನಸ್ತಾಪಕ್ಕೆ ಎಡೆಯಿಲ್ಲ.

ಇನ್ನೊಂದು ಅಪಾಯ ಹೊರಗಿನಿಂದ ಬರುವುದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಕ್ಯಾಮೆರಾ ಹಚ್ಚುವವರು ಬಹಳ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಇಂಥ ಅಸಂಖ್ಯ ಮನೆ ಕ್ಯಾಮೆರಾಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕವೇ ಅಂತರಜಾಲದ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು. ಪೆಟ್ಟಿಗೆ ಬಿಚ್ಚಿದೊಡನೆ ಮಾಡಬೇಕಾದ ಮೊದಲ ಕೆಲಸ ಪಾಸ್‌ವರ್ಡ್ ಬದಲಾಯಿಸುವುದು.

ಮಂಜು ಕಡಿಮೆಯಾದರೆ?

ಇಷ್ಟೆಲ್ಲ ಶ್ರಮ ಒಂದು ನಿಮಿಷದ ಚೆಂದದ ಚಿತ್ರಕ್ಕಾಗಿ ಮಾತ್ರವೇ? ಅಲ್ಲ. ಗೋಲ್ಡನ್ ಗೇಟ್ ದಾಟಿ ಉತ್ತರಕ್ಕೆ ಹೋದರೆ, 1908ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಮ್ಯೂರ್ ವುಡ್ಸ್ ಎಂಬ ಕಾಡು ಸಿಗುತ್ತದೆ. ಅದು ಕರಾವಳಿ ರೆಡ್‌ವುಡ್ ಮರಗಳ ಕಾಡು. ಭೂಮಿಯ ಮೇಲಿನ ಅತಿ ಎತ್ತರದ ಮರಗಳು ಈ ಜಾತಿಯವೇ. ಕ್ಯಾಲಿಫೋರ್ನಿಯಾದ ಉತ್ತರದಲ್ಲಿ 2006ರಲ್ಲಿ ಪತ್ತೆಯಾದ 'ಹೈಪೀರಿಯನ್' ಎಂಬ ಮರ ಸುಮಾರು 116 ಮೀಟರ್ ಎತ್ತರವಿದೆ.

ಇಲ್ಲಿ ಬೇಸಿಗೆಯಲ್ಲಿ ಮಳೆ ಬಹುತೇಕ ಇಲ್ಲವೇ ಇಲ್ಲ. ಹಾಗಿದ್ದರೆ ಈ ದೈತ್ಯ ಮರಗಳು ಬದುಕುವುದು ಹೇಗೆ? ಮಂಜಿನಿಂದ. ಸೂಜಿಯಂಥ ಎಲೆಗಳು ಮಂಜನ್ನು ಸೋಸಿ ಹನಿಯಾಗಿಸುತ್ತವೆ. ಆ ಹನಿ ನೆಲಕ್ಕಿಳಿದು ಬೇರನ್ನು ಸೇರುತ್ತದೆ. ಎಲೆಗಳೂ ನೇರವಾಗಿ ಒಂದಿಷ್ಟು ನೀರನ್ನು ಹೀರಬಲ್ಲವು. ಬರ್ಕ್ಲಿಯ ವಿಜ್ಞಾನಿ ಟಾಡ್ ಡಾಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರೆಡ್‌ವುಡ್ ಕಾಡಿಗೆ ವರ್ಷದಲ್ಲಿ ದೊರೆಯುವ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಂಜಿನ ಹನಿಯದು. ಪ್ರವಾಸಿಗರು ಶಪಿಸುವ ಮಂಜು ಮರಗಳಿಗೆ ಬೇಸಿಗೆಯ ಮಳೆ.

ಅದೇ ಡಾಸನ್ ಮತ್ತು ಜೇಮ್ಸ್ ಜಾನ್‌ಸ್ಟೋನ್ 2010ರಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಹೋಲಿಸಿದರೆ ಈ ಕರಾವಳಿಯ ಬೇಸಿಗೆ ಮಂಜು ಸುಮಾರು 33 ಶೇಕಡ ಕಡಿಮೆಯಾಗಿದೆ ಎಂಬುದು ಅವರ ಅಂದಾಜು. ಅವರಿಗೆ ಆಧಾರ ಒದಗಿಸಿದ್ದು ಯಾವುದು? 1951ರಿಂದ ಕರಾವಳಿಯ ವಿಮಾನ ನಿಲ್ದಾಣಗಳಲ್ಲಿ ಗಂಟೆಗೊಮ್ಮೆ ಬರೆದಿಟ್ಟ ಮೋಡದ ಎತ್ತರದ ಲೆಕ್ಕ. ಅದಕ್ಕೂ ಹಿಂದಿನ ವರ್ಷಗಳಿಗೆ ಕರಾವಳಿ ಮತ್ತು ಒಳನಾಡಿನ ಉಷ್ಣತೆಯ ಹಳೆಯ ದಾಖಲೆಗಳು. ಆ ಗುಮಾಸ್ತರು ರೆಡ್‌ವುಡ್ ಮರಗಳಿಗಾಗಿ ಬರೆದವರಲ್ಲ. ವಿಮಾನ ಸುರಕ್ಷಿತವಾಗಿ ಇಳಿಯಲಿ ಎಂದು ಬರೆದವರು. ಅರ್ಧ ಶತಮಾನ ಕಳೆದ ಮೇಲೆ ಆ ಅಂಕಿಗಳಿಗೆ ಹೊಸ ಅರ್ಥ ಬಂತು. ಈ ಇಳಿಕೆಗೆ ಕಾರಣವೇನು, ಮುಂದೆ ಭೂಮಿ ಬಿಸಿಯಾದಂತೆ ಮಂಜು ಇನ್ನಷ್ಟು ಕರಗುವುದೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಚರ್ಚೆ ತೀರಲು ಬೇಕಾದುದು ಇನ್ನಷ್ಟು ವರ್ಷಗಳ, ಇನ್ನಷ್ಟು ಕಡೆಗಳ ದಾಖಲೆ. ವಿಮಾನ ನಿಲ್ದಾಣದ ಉಪಕರಣ ನೆತ್ತಿಯ ಮೇಲಿನ ಮೋಡವನ್ನಷ್ಟೇ ಅಳೆಯುತ್ತದೆ. ಮನೆಯ ಕ್ಯಾಮೆರಾ ಇಡೀ ಕಣಿವೆಯನ್ನು ನೋಡುತ್ತದೆ.

ಇಲ್ಲೊಂದು ಕಟುಸತ್ಯವೂ ಇದೆ. ಕಳೆದುಹೋದ ದಿನದ ಚಿತ್ರವನ್ನು ಇಂದು ಎಷ್ಟು ಹಣ ಕೊಟ್ಟರೂ ತೆಗೆಯಲಾಗದು. ಬದಲಾವಣೆ ಆದ ಮೇಲೆ ಕ್ಯಾಮೆರಾ ಕೊಂಡರೆ ಮೊದಲಿದ್ದ ಸ್ಥಿತಿ ಸಿಗುವುದಿಲ್ಲ. ದಾಖಲೆ ಬದಲಾವಣೆಗೆ ಮುಂಚೆಯೇ ಆರಂಭವಾಗಿರಬೇಕು.

ಎಲ್ಲಿಯೂ ಆದೀತು

ಈ ಕೆಲಸಕ್ಕೆ ಸ್ಯಾನ್‌ಫ್ರಾನ್ಸಿಸ್ಕೊ ನಗರವೇ ಆಗಬೇಕೆಂದಿಲ್ಲ. ನಂದಿಬೆಟ್ಟದ ತಪ್ಪಲಿನ ಶಾಲೆ, ಮಡಿಕೇರಿಯ ಇಳಿಜಾರಿನ ಮನೆ, ಚಿಕ್ಕಮಗಳೂರಿನಿಂದ ಕಾಣುವ ಬಾಬಾಬುಡನ್‌ಗಿರಿ ಸಾಲು ಎಲ್ಲಕ್ಕೂ ತಮ್ಮದೇ ಮಂಜಿದೆ, ಮೋಡವಿದೆ. ಚಳಿಗಾಲದ ಶುಭ್ರ ರಾತ್ರಿ ನೆಲ ತನ್ನ ಶಾಖ ಕಳೆದುಕೊಂಡು ಕಣಿವೆಯಲ್ಲಿ ಕವಿಯುವ ಮಂಜು ಬೇರೆ ಬಗೆಯದು. ಮುಂಗಾರಿನಲ್ಲಿ ಘಟ್ಟವೇರುವ ಮೋಡ ಇನ್ನೊಂದು ಬಗೆಯದು. ಎರಡರ ನಡೆಯನ್ನೂ ಟೈಮ್‌ಲ್ಯಾಪ್ಸ್ ಬೇರೆಬೇರೆಯಾಗಿ ತೋರಿಸುತ್ತದೆ. ಮಂಜೇ ಇಲ್ಲದ ಬಯಲುಸೀಮೆಯಲ್ಲಿ ಕೆರೆಯ ನೀರಿನ ಮಟ್ಟ, ಹೊಲದ ಜೋಳ, ಬೀದಿಯ ಹೊಂಗೆಮರದ ಚಿಗುರು ಇವೆ. ಹೊಸ ಕ್ಯಾಮೆರಾ ಕೊಳ್ಳಲೂ ಬೇಕಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್ ಫೋನನ್ನು ಕಿಟಕಿಯ ಒಳಗಿನಿಂದ ಗಾಜಿಗೆ ಒತ್ತಿ, ಸುತ್ತ ಕಪ್ಪುಬಟ್ಟೆ ಕಟ್ಟಿ ಪ್ರತಿಫಲನ ತಪ್ಪಿಸಿದರೆ ಆರಂಭಕ್ಕೆ ಸಾಕು.

ಹೆತ್ತವರು ಒಂದು ಮಾತು ನೆನಪಿಡಬೇಕು. ಮೊದಲ ವಾರದ ಉತ್ಸಾಹ ಎಲ್ಲ ಮಕ್ಕಳಿಗೂ ಇರುತ್ತದೆ. ಆರನೇ ವಾರ ಗಾಜು ಒರೆಸುವಾಗ, ವಿದ್ಯುತ್ ಹೋಗಿ ಮೂರು ದಿನದ ಚಿತ್ರ ತಪ್ಪಿಹೋದಾಗ ಜೊತೆಗೆ ನಿಲ್ಲುವವರು ಬೇಕು. ತಪ್ಪಿದ ದಿನಗಳನ್ನು 'ಚಿತ್ರವಿಲ್ಲ' ಎಂದು ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆಯುವುದನ್ನೂ ಕಲಿಸಬೇಕು. ಚಿತ್ರಗಳ ಪಕ್ಕದಲ್ಲಿ ಒಂದು ನೋಟ್‌ಬುಕ್ ಇದ್ದು, ಯಾವ ಹೊತ್ತಿಗೆ ಬೆಟ್ಟದ ತುದಿ ಕಂಡಿತು, ಯಾವ ಹೊತ್ತಿಗೆ ಮರೆಯಾಯಿತು ಎಂಬ ಎರಡು ಸಾಲು ದಿನವೂ ಸೇರುತ್ತ ಹೋದರೆ ಒಂದು ವರ್ಷದಲ್ಲಿ 730 ಸಾಲಿನ ದಾಖಲೆ ಸಿದ್ಧವಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ದಿನ ಆರಂಭಿಸಿದರೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಊರಿನ ಮಳೆ, ಚಳಿ, ಬಿಸಿಲು ಮೂರೂ ಅದರಲ್ಲಿರುತ್ತವೆ.